ರಿಪೇರಿ ಮೇಲೆ ರಿಪೇರಿ ಆಗಿರೋ ಮರದ ದೋಣಿ: ಯಾವುದನ್ನ ಕೀಳ್ಬೇಕು, ಯಾವುದನ್ನ ಮುಟ್ಬಾರ್ದು

ಪ್ರಶ್ನೆ: ಅಣ್ಣ, ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕು, ಕಬಿನಿ ಹಿನ್ನೀರಿನ ಪಕ್ಕ. ನಮ್ಮ ತಾತ ಕೇರಳದ ಕಡೆಯಿಂದ ಲಾರಿಲಿ ತಂದಿದ್ದ ಮರದ ದೋಣಿ ಒಂದು ಹತ್ತು ವರ್ಷದಿಂದ ಕೊಟ್ಟಿಗೆಲಿ ಬಿದ್ದಿದೆ. 18 ಅಡಿ ಉದ್ದ, ತಳ ಒಂದೇ ಮರ ಕೊರೆದು ಮಾಡಿರೋದು, ಎರಡೂ ಪಕ್ಕದಲ್ಲಿ ಮೇಲೆ ಒಂದೊಂದು ಹಲಗೆ. ತಳದಲ್ಲಿ ತಾಮ್ರದ ಮೊಳೆ ಹೊಡೆದಿರೋ ಮರದ ತೇಪೆ ಇದೆ, ಮಧ್ಯದಲ್ಲಿ ಡಾಂಬರು ಬಳಿದು ತಗಡು ಹೊಡೆದಿದ್ದಾರೆ, ಮೂತಿ ಹತ್ರ ಸೀಳಿಗೆ ಸಿಮೆಂಟ್ ತುಂಬಿದ್ದಾರೆ, ಹಿಂದಿನ ತುದಿಗೆ ಫೈಬರ್ (ಗಾಜಿನ ನಾರಿಗೆ ರೆಸಿನ್ ಬಳಿದ ಪದರ). ಹಲಗೆ ಅಂಚಲ್ಲಿ ಸಾಲಾಗಿ ಸಣ್ಣ ತೂತುಗಳಿವೆ, ಮಧ್ಯೆ ಮಧ್ಯೆ ಕಬ್ಬಿಣದ ಬೋಲ್ಟು. ಎಲ್ಲಾ ಕಿತ್ತಾಕಿ ಇಡೀ ದೋಣಿಗೆ ಫೈಬರ್ ಹೊಡೆಸಿಬಿಡು ಅಂತ ಎಲ್ಲರೂ ಹೇಳ್ತಾರೆ. ಮಾಡಿಸ್ಲಾ?

ಉತ್ತರ: ಮಾಡಿಸ್ಬೇಡಿ. ಮಿಕ್ಕಿದ್ದು ಆಮೇಲೆ ಹೇಳ್ತೀನಿ, ಫೈಬರ್‌ನೋರು ಡಬ್ಬ ಸಮೇತ ಮನೆ ಮುಂದೆ ಬಂದು ನಿಂತಿದ್ರೂ ಸರಿ, ಕಾಫಿ ಕೊಟ್ಟು ವಾಪಸ್ ಕಳ್ಸಿ.

ಎಲ್ಲಾ ಕಿತ್ತಾಕೋದೂ ಬೇಡ. ಹಳೇ ರಿಪೇರಿ ಅಂದ ತಕ್ಷಣ ಎಲ್ಲಾ ಹಾಳು ಕೆಲಸ ಅಂದ್ಕೊತಾರೆ, ಹಂಗಲ್ಲ. ಒಂದೊಂದು ರಿಪೇರಿನೂ ಆ ಜಾಗದಲ್ಲಿ ದೋಣಿಗೆ ಏನಾಗಿತ್ತು, ಅದನ್ನ ನೋಡ್ದೋರಿಗೆ ದೋಣಿ ಕೆಲಸ ಗೊತ್ತಿತ್ತಾ ಇಲ್ವಾ ಅಂತ ಹೇಳುತ್ತೆ, ಅದನ್ನ ಮೊದಲು ಓದ್ಬೇಕು, ಆಮೇಲೆ ಉಳಿ ಕೈಗೆ ತಗೋಬೇಕು. ನಾನು ಹುಡುಗನಾಗಿದ್ದಾಗ ಮಲ್ಪೆ ಕಡೆ ದೋಣಿ ಕಟ್ಟೋ ಜಾಗದಲ್ಲಿ ಕೆಲಸ ಕಲ್ತೋನು, ಮೈಸೂರಿಗೆ ಬಂದು ಬಡಗಿ ಕೆಲಸಕ್ಕೆ ಕೂತ ಮೇಲೂ ವರ್ಷಕ್ಕೆ ಒಂದೋ ಎರಡೋ ದೋಣಿ ಹುಡುಕ್ಕೊಂಡು ಬರ್ತಾನೇ ಇರ್ತವೆ. ಶುರುನಲ್ಲಿ ಒಂದು ದೋಣಿಲಿ ಹಳೇ ತೇಪೆ ನೋಡಕ್ಕೆ ಚೆನ್ನಾಗಿಲ್ಲ ಅಂತ ಕಿತ್ತೆ. ಕೆಳಗಡೆ ಮರ ಗಟ್ಟಿಯಾಗೇ ಇತ್ತು, ತೇಪೆ ಕೂಡ ಸರಿಯಾಗೇ ಕೂತಿತ್ತು, ನಾನು ಮೊಳೆ ಎಳೆದ ರಭಸಕ್ಕೆ ಸುತ್ತಲ ಮರ ಸಿಬಿರೆದ್ದು ಅಂಗೈ ಅಗಲದ ತೂತು ಒಂದೂವರೆ ಅಡಿ ಆಗೋಯ್ತು. ಆ ದೋಣಿ ಯಜಮಾನ್ರು ಒಂದು ಮಾತೂ ಬೈಲಿಲ್ಲ, ಸುಮ್ನೆ ನೋಡ್ತಾ ನಿಂತಿದ್ರು. ಅವತ್ತಿಂದ ಹಳೇ ತೇಪೆ ಕೀಳೋ ಮುಂಚೆ ಹತ್ತು ಸಲ ತಟ್ಟಿ ನೋಡ್ತೀನಿ.

ನಿಮ್ಮ ದೋಣಿ ಯಾವ ಜಾತಿದು ಅಂತ ಮೊದಲು ತಿಳ್ಕೊಳಿ. ಹಲಗೆ ಅಂಚಲ್ಲಿ ಸಾಲಾಗಿ ತೂತು ಅಂದ್ರಲ್ಲ, ಅವು ಮೊಳೆ ತೂತಲ್ಲ, ಹೊಲಿಗೆ ತೂತು. ಪಶ್ಚಿಮ ಕರಾವಳಿಲಿ ಹಿಂದಿನಿಂದ ದೋಣಿನ ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಲಿ ಹೊಲಿತಿದ್ರು. ತಳಕ್ಕೆ ಒಂದೇ ಮರ ಕೊರೆದು, ಅಂಚು ಎತ್ತರ ಮಾಡಕ್ಕೆ ಮೇಲೊಂದು ಹಲಗೆ ಇಟ್ಟು, ಎರಡರಲ್ಲೂ ತೂತು ಕೊರೆದು, ಸಂದಿ ಮೇಲೆ ತೆಂಗಿನ ನಾರಿನ ದಿಂಡು ಇಟ್ಟು, ಹುರಿ ಎಳೆದು ಬಿಗಿಯಾಗಿ ಹೊಲಿದುಬಿಡೋದು. ಇದ್ರಲ್ಲಿ ದೊಡ್ಡ ಗುಣ ಏನಂದ್ರೆ ಮರ ನೀರು ಕುಡಿದು ಉಬ್ಬಿದ್ರೂ, ಒಣಗಿ ಕುಗ್ಗಿದ್ರೂ ಹೊಲಿಗೆ ಒಂಚೂರು ಕೊಡುತ್ತೆ, ನಾರು ಕೂಡ ನೀರಲ್ಲಿ ಉಬ್ಬಿ ಸಂದಿನ ತಾನೇ ಮುಚ್ಕೊಳುತ್ತೆ. ಹುರಿ ಹಳೇದಾದ್ರೆ ಬಿಚ್ಚಿ ಹೊಸದಾಗಿ ಹೊಲಿಯೋದು, ಅದು ರಿಪೇರಿ ಅಲ್ಲ, ದೋಣಿ ಸಾಕೋ ರೀತಿನೇ ಅದು. ನಮ್ಮ ಕಾವೇರಿ ಕಡೆಯೋರು ಹರಿಗೋಲಿಗೆ ಆಗಾಗ ತಳ ಬದಲಾಯಿಸ್ತಾರಲ್ಲ, ಅದೇ ಥರ.

ಮರ ಬಹುಶಃ ಹೆಬ್ಬಲಸು ಇಲ್ಲ ಮಾವು. ಮಲಯಾಳದಲ್ಲಿ ಆಂಜಿಲಿ ಅಂತಾರಲ್ಲ, ಅದೇ ನಮ್ಮ ಹೆಬ್ಬಲಸು, ದೋಣಿಗೆ ಬಲು ಒಳ್ಳೇ ಮರ. ಒಳಗಡೆ ಕಾಣದ ಜಾಗದಲ್ಲಿ ಉಳಿಲಿ ಚೂರು ಕೆರೆದು ನೋಡಿ, ಹೊಂಬಣ್ಣದ ಕಂದು ಕಂಡು ಎಳೆ ಗಟ್ಟಿ ಇದ್ರೆ ಹೆಬ್ಬಲಸು ಅನ್ಕೋಬಹುದು, ಬೂದಿ ಮಿಶ್ರ ಮಂಕು ಬಣ್ಣ ಇದ್ರೆ ಮಾವು. ಹಳೇ ಬಡಗಿ ಒಬ್ರಿಗೆ ಆ ಚೂರು ತೋರ್ಸಿ, ಖಚಿತವಾಗಿ ಹೇಳ್ತಾರೆ. ಮಾವಾದ್ರೆ ಕುಂಬಾಗೋದು, ಅಂದ್ರೆ ಕೊಳೆತು ಮೆತ್ತಗಾಗೋದು, ಬೇಗ, ತಪಾಸಣೆ ಇನ್ನೂ ಜೋರಾಗಿ ಮಾಡ್ಬೇಕು.

ಈಗ ಒಂದೊಂದೇ ರಿಪೇರಿ ನೋಡಣ. ತಾಮ್ರದ ಮೊಳೆ ತೇಪೆ ಮಾಡಿರೋರು ದೋಣಿ ಕೆಲಸ ಗೊತ್ತಿದ್ದೋರೇ, ಬಹುಶಃ ನಿಮ್ಮ ತಾತ ತರೋದಕ್ಕೆ ಮುಂಚೇನೇ ಆಗಿರುತ್ತೆ. ತಾಮ್ರ ತುಕ್ಕು ಹಿಡಿದು ಉಬ್ಬಲ್ಲ, ಮರನ ಸುಡಲ್ಲ. ಅದನ್ನ ನಾಣ್ಯದಲ್ಲೋ ಸ್ಕ್ರೂಡ್ರೈವರ್ ಹಿಡಿಯಲ್ಲೋ ತಟ್ಟಿ, ಟಣ್ ಅಂತ ಗಟ್ಟಿ ಸದ್ದು ಬಂದು, ಅಂಚಲ್ಲಿ ದಬ್ಬಳ ಚುಚ್ಚಿದ್ರೆ ಒಳಗೆ ಇಳಿಲಿಲ್ಲ ಅಂದ್ರೆ ಕೈ ಹಚ್ಬೇಡಿ. ಸಂದಿಯ ಹಳೇ ಪುಟ್ಟಿ ಪುಡಿ ಆಗಿದ್ರೆ ಅದನ್ನಷ್ಟೇ ಕೆರೆದು ಹೊಸದು ತುಂಬಿ. ತಾತನ ಕಾಲದ ಒಳ್ಳೇ ಕೆಲಸ ಅದು, ಹಂಗೇ ಇರ್ಲಿ.

ತಗಡಿಂದು ಬೇರೆ ಕಥೆ. ಕಬಿನಿ ಹಿನ್ನೀರಲ್ಲಿ ಮುಳುಗಿ ಸತ್ತಿರೋ ಮರದ ಬೊಡ್ಡೆಗಳು ಎಷ್ಟಿವೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1974ರಲ್ಲಿ ಬೀಚನಹಳ್ಳಿ ಹತ್ರ ಅಣೆಕಟ್ಟು ಆದ ಮೇಲೆ ಮುಳುಗಿದ ಕಾಡು ಅದು, ಬೇಸಿಗೇಲಿ ನೀರು ಇಳಿದಾಗ ಬೊಡ್ಡೆ ತಲೆಗಳು ಸರಿಯಾಗಿ ದೋಣಿ ತಳದ ಮಟ್ಟಕ್ಕೆ ಬರ್ತವೆ. ತಳದ ಮಧ್ಯಕ್ಕೆ ಏಟು ಬಿದ್ದು ಒಡೆದಿದೆ, ಯಾರೋ ಅವಸರಕ್ಕೆ ಡಾಂಬರು ಬಳಿದು ತಗಡು ಹೊಡೆದಿದ್ದಾರೆ ಅಂತ ನನ್ನ ಅಂದಾಜು. ಆವತ್ತಿಗೆ ದಡ ಸೇರಕ್ಕೆ ಸರಿ. ಆದ್ರೆ ತಗಡು ನೀರನ್ನ ತಡೆಯಲ್ಲ, ಹಿಡ್ಕೊಂಡಿರುತ್ತೆ. ಮೊಳೆ ತೂತಲ್ಲಿ ಒಳಗೆ ಹೋದ ನೀರು ಆಚೆ ಬರಕ್ಕೆ ದಾರಿ ಇಲ್ದೆ ಮರ ಯಾವಾಗ್ಲೂ ಒದ್ದೆ, ಗಾಳಿ ಇಲ್ಲ, ಅಲ್ಲಿ ಕುಂಬು ಹಿಡಿಯುತ್ತೆ. ಮರದಲ್ಲಿ ತೇವ ಶೇಕಡ 20ಕ್ಕಿಂತ ಕಮ್ಮಿ ಇದ್ರೆ ಕುಂಬು ಮಾಡೋ ಬೂಷ್ಟಿಗೆ ಬೆಳೆಯಕ್ಕೇ ಆಗಲ್ಲ, ಅದಕ್ಕೇ ನಾನು ಯಾವ ರಿಪೇರಿ ನೋಡಿದ್ರೂ ಕೇಳೋ ಮೊದಲ ಪ್ರಶ್ನೆ, ಇಲ್ಲಿ ಹೋದ ನೀರು ಆಚೆ ಬರುತ್ತಾ? ಬರೋ ಹಂಗಿದ್ರೆ ಬಿಡಿ, ಬರದೇ ಇರೋ ಹಂಗಿದ್ರೆ ತೆಗೀರಿ. ತಗಡು, ಸಿಮೆಂಟು, ಫೈಬರು ಮೂರೂ ಇದ್ರಲ್ಲಿ ಫೇಲ್.

ಡಾಂಬರು ತೆಗೆಯಕ್ಕೆ ಬೆಳಗಿನ ಜಾವದ ಚಳೀಲಿ ಕೂರಿ, ತಣ್ಣಗಿದ್ದಾಗ ಪಟಪಟ ಅಂತ ಚಕ್ಕೆ ಏಳುತ್ತೆ, ಬಿಸಿಲೇರಿದ ಮೇಲೆ ಮೆತ್ತಗಾಗಿ ಎಳೆದಷ್ಟೂ ಬರುತ್ತೆ ಮರಕ್ಕೂ ಮೆತ್ಕೊಳುತ್ತೆ. ಸ್ಯಾಂಡಿಂಗ್ ಮಷಿನ್ ಇಡ್ಬೇಡಿ, ಕಾಗದ ಎರಡು ನಿಮಿಷಕ್ಕೆ ಕಟ್ಕೊಳುತ್ತೆ. ಕೊನೇಲಿ ಸೀಮೆಎಣ್ಣೆ ಬಟ್ಟೇಲಿ ಒರೆಸಿ, ಆಮೇಲೆ ಹೊಸ ಮರ ಕಾಣೋವರೆಗೂ ತೆಳ್ಳಗೆ ಕೆರೀರಿ, ಎಣ್ಣೆ ಅಂಶ ಉಳಿದ್ರೆ ಮೇಲೆ ಏನೂ ಹಿಡಿಯಲ್ಲ. ಕೆಂಪು ಬಣ್ಣದ ಹಳೇ ಪುಟ್ಟಿನೋ ಬಣ್ಣಾನೋ ಕಂಡ್ರೆ ಹುಷಾರು, ಹಿಂದೆ ರೆಡ್ ಲೆಡ್ ಹಾಕ್ತಿದ್ರು, ಅದು ಸೀಸ. ಒಣಗಿದ್ದನ್ನ ಉಜ್ಜಿ ಧೂಳು ಎಬ್ಬಿಸ್ಬೇಡಿ, ನೀರು ಚಿಮುಕಿಸಿ ಕೆರೆದು, ಮಾಸ್ಕ್ ಹಾಕಿ, ಕೆರೆದ ಚೂರನ್ನ ಕೋಳಿ ಮಕ್ಕಳು ಓಡಾಡೋ ಜಾಗದಲ್ಲಿ ಬಿಡ್ಬೇಡಿ.

ತಗಡಿನ ಕೆಳಗೆ ಮರ ಕುಂಬಾಗಿದ್ರೆ, ಗಟ್ಟಿ ಮರ ಸಿಗೋವರೆಗೂ ಕತ್ತರಿಸಿ, ಅಲ್ಲಿಂದ ಇನ್ನೊಂದೆರಡು ಇಂಚು ಆಚೆಗೂ ಹೋಗಿ. ತೂತನ್ನ ಚೌಕ ಮಾಡ್ಬೇಡಿ, ಎರಡೂ ತುದಿ ಚೂಪಾಗಿ ವಜ್ರದಾಕಾರ ಮಾಡಿ, ಚೌಕದ ಮೂಲೆಯಿಂದ್ಲೇ ಸೀಳು ಶುರುವಾಗೋದು. ಅಂಚನ್ನ ನೆಟ್ಟಗೆ ಕತ್ತರಿಸದೆ ಇಳಿಜಾರು ಕೊಡಿ, ತೇಪೆಯ ಅಗಲದ ಮುಖ ಹೊರಗಡೆಗೆ ಬರೋ ಹಂಗೆ. ನೀರು ಹೊರಗಿಂದ ಒಳಕ್ಕೆ ಒತ್ತೋದಲ್ವಾ, ಆ ಒತ್ತಡಾನೇ ತೇಪೆನ ಇನ್ನೂ ಬಿಗಿಯಾಗಿ ಕೂರಿಸುತ್ತೆ. ಎಳೆಯ ದಿಕ್ಕಿಗೆ ಇಳಿಜಾರು ಉದ್ದ ಇರ್ಬೇಕು, ಒಂದಿಂಚು ದಪ್ಪಕ್ಕೆ ಎಂಟಿಂಚು, ಅಡ್ಡಕ್ಕೆ ಕಮ್ಮಿ ಸಾಕು. ತೇಪೆ ಮರ ಅದೇ ಜಾತಿದು, ಚೇಗು (ಮರದ ಒಳಗಿನ ಗಟ್ಟಿ ಭಾಗ) ಮಾತ್ರ, ಹೊರಗಿನ ಬಿಳಿ ಭಾಗ ಬೇಡ, ಎಳೆ ದೋಣಿಯ ಎಳೆ ದಿಕ್ಕಿಗೇ. ಹಳೇ ಮನೆ ಬಿಚ್ಚಿರೋ ಮರದಲ್ಲಿ ಹುಡುಕಿ, ಎಷ್ಟೋ ವರ್ಷ ಒಣಗಿರೋ ಮರ ಸಿಕ್ರೆ ಮಿಲ್ಲಿನ ಹಸಿ ಮರಕ್ಕಿಂತ ಎಷ್ಟೋ ಮೇಲು.

ಮೊಳೆ ತಾಮ್ರದ್ದೇ ಆಗ್ಬೇಕು. ದಪ್ಪ ತಾಮ್ರದ ತಂತಿ ತಗೊಂಡು ನೀವೇ ಮಾಡ್ಕೋಬಹುದು, ಒಂದು ತುದಿ ಬಡಿದು ತಲೆ ಮಾಡಿ, ತಂತಿಗಿಂತ ಕೂದಲೆಳೆ ಸಣ್ಣ ತೂತು ಕೊರೆದು ಹೊಡೆದು, ಒಳಗಡೆ ತಾಮ್ರದ ವಾಷರ್ ಹಾಕಿ, ಹೆಚ್ಚಾದ್ದು ಕತ್ತರಿಸಿ, ಹೊರಗಡೆ ಒಬ್ರು ಭಾರದ ಸುತ್ತಿಗೆ ಒತ್ತಿ ಹಿಡ್ಕೊಂಡಿದ್ರೆ ಒಳಗಡೆಯಿಂದ ಸಣ್ಣ ಸಣ್ಣ ಏಟು ಹಾಕಿ ತುದಿನ ಅಣಬೆ ಥರ ಅರಳಿಸ್ಬೇಕು. ಇಬ್ಬರ ಕೆಲಸ ಇದು, ಮನೇಲಿ ಯಾರನ್ನಾದ್ರೂ ಜೊತೆಗಿಟ್ಕೊಳಿ. ತಾಮ್ರ ಇರೋ ಕಡೆ ಹತ್ರದಲ್ಲಿ ಕಬ್ಬಿಣದ ಮೊಳೆ ಉಳಿಸ್ಬೇಡಿ, ಒದ್ದೆ ಮರದಲ್ಲಿ ಎರಡೂ ಅಕ್ಕಪಕ್ಕ ಇದ್ರೆ ಕಬ್ಬಿಣ ಇನ್ನೂ ಬೇಗ ತಿಂದೋಗುತ್ತೆ.

ಇನ್ನು ಬೋಲ್ಟು. ಹುರಿ ಹಳೇದಾಗಿ ಕಿತ್ತು ಬಂದಿದೆ, ಹೊಲಿಯೋರು ಸಿಕ್ಕಿಲ್ಲ, ಅದೇ ತೂತಿಗೆ ಬೋಲ್ಟು ಹಾಕಿ ಬಿಗಿ ಮಾಡಿದ್ದಾರೆ. ಪಾಪ, ಅವರಿಗೆ ತೋಚಿದ್ದು ಅವರು ಮಾಡಿದ್ರು. ಆದ್ರೆ ತುಕ್ಕು ಅನ್ನೋದು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳುತ್ತೆ, ಒಳಗಿಂದ ಮರನ ಸೀಳುತ್ತೆ, ಸುತ್ತ ಮರ ಕಪ್ಪಾಗಿ ಮೆತ್ತಗಾಗಿರುತ್ತೆ ನೋಡಿ. ಬೋಲ್ಟನ್ನ ತಿರುಗಿಸಿ ಬಿಚ್ಚಕ್ಕೆ ಹೋಗ್ಬೇಡಿ, ತುಕ್ಕಿಗೆ ಮರ ಅಂಟಿರುತ್ತೆ, ಜೊತೇಲಿ ಬಂದ್ಬಿಡುತ್ತೆ. ಹಲಗೆ ಮತ್ತೆ ತಳದ ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಕುಯ್ದು, ಆಮೇಲೆ ತುಂಡುಗಳನ್ನ ಒಂದು ಕಡೆಯಿಂದ ನಿಧಾನಕ್ಕೆ ತಟ್ಟಿ ಆಚೆ ತಳ್ಳಿ. ಹಟ ಮಾಡಿದ್ರೆ ಸಾಲ್ಡರಿಂಗ್ ಕಬ್ಬಿಣ ಇಟ್ಟು ಬಿಸಿ ಮಾಡಿ ತಣ್ಣಗಾಗಕ್ಕೆ ಬಿಡಿ, ಹಿಡಿತ ಸಡಿಲ ಆಗುತ್ತೆ. ಕಪ್ಪು ಕಲೆಗೆ ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬ್ರಷ್‌ನಲ್ಲಿ ಹಚ್ಚಿ ಚೆನ್ನಾಗಿ ತೊಳೀರಿ. ಅದು ವಿಷ, ಗ್ಲೌಸ್ ಕಡ್ಡಾಯ, ಪುಡಿ ಮೂಗಿಗೆ ಹೋಗ್ಬಾರ್ದು. ಕಲೆ ಪೂರ್ತಿ ಹೋಗದಿದ್ರೂ ಪರವಾಗಿಲ್ಲ, ಮರ ಗಟ್ಟಿ ಇದ್ಯಾ ಅನ್ನೋದಷ್ಟೇ ಮುಖ್ಯ. ಸ್ಟೀಲ್ ಬೋಲ್ಟ್ ಹಾಕ್ಲಾ ಅಂತ ಕೇಳ್ತೀರಿ, ತುಕ್ಕು ಹಿಡಿಯಲ್ಲ ನಿಜ, ಆದ್ರೆ ಹಲಗೆಗೆ ಉಬ್ಬಕ್ಕೆ ಜಾಗ ಕೊಡಲ್ಲ, ತೂತಿನ ಸಾಲಲ್ಲೇ ಸೀಳು ಬರುತ್ತೆ. ಹೊಲಿಗೆ ತೂತಿಗೆ ಹೊಲಿಗೇನೇ.

ಹೊಲಿಗೆ ಕಷ್ಟ ಅಲ್ಲ, ತಾಳ್ಮೆ ಬೇಕು. ನೀರಲ್ಲಿ ಕೊಳೆ ಹಾಕಿ ಬಡಿದು ತೆಗೆದ ಉದ್ದ ಎಳೆ ನಾರಿನ ಹುರಿ ತಗೊಳಿ, ಬಾಗಿಲಲ್ಲಿ ಹಾಕೋ ಕಾಲೊರಸಿನ ನಾರು ಆಗಲ್ಲ. ಹುರಿನ ಒಂದು ರಾತ್ರಿ ಎಣ್ಣೇಲಿ ನೆನೆಸಿ. ಹಲಗೆ ಮತ್ತೆ ತಳದ ಮಧ್ಯದ ಸಂದಿಗೆ ನಾರಿನ ತೆಳು ಪದರಕ್ಕೆ ರಾಳದ ಪಾಕ ಹಚ್ಚಿ ಇಡಿ, ಒಳಗಡೆ ಸಂದಿ ಮೇಲೆ ಹೆಬ್ಬೆರಳು ದಪ್ಪ ನಾರಿನ ದಿಂಡು, ಅದನ್ನ ಅಪ್ಪಿಕೊಂಡು ಹುರಿ ಅಡ್ಡಡ್ಡ ಹೋಗ್ಬೇಕು. ಪ್ರತಿ ಹೊಲಿಗೆನೂ ಒಂದು ಕೋಲಿಗೆ ಸುತ್ತಿ ಮೀಟಿ ಎಳೆದು, ಸಡಿಲ ಆಗೋ ಮುಂಚೆ ತೂತಿಗೆ ಒಂದು ಸಣ್ಣ ಮರದ ಬೆಣೆ ತಟ್ಟಿ ನಿಲ್ಲಿಸಿ, ಮುಂದಿನ ಹೊಲಿಗೆ ಆದ ಮೇಲೆ ಬೆಣೆ ತೆಗೀರಿ. ಕೊನೇಲಿ ತೂತುಗಳಿಗೆಲ್ಲ ನಾರು ತುರುಕಿ ಪಾಕ ಮೆತ್ತಿಬಿಡಿ.

ಪಾಕ ಅಂದೆನಲ್ಲ, ಅದಕ್ಕೆ ರಾಳ ಬೇಕು, ಮೈಸೂರಲ್ಲಿ ಗ್ರಂಥಿಗೆ ಅಂಗಡೀಲಿ ಕೇಳಿ, ಧೂಪಕ್ಕೆ ಅಂತ ಇಟ್ಟಿರ್ತಾರೆ. ಪುಡಿ ಮಾಡಿ ಅಗಸೆ ಎಣ್ಣೇಲಿ ಸಣ್ಣ ಉರಿಲಿ ಕರಗಿಸೋದು. ಒಂದು ತೊಟ್ಟು ತಣ್ಣೀರಿಗೆ ಹಾಕಿ ನೋಡಿ, ಬೆರಳಲ್ಲಿ ಒತ್ತಿದ್ರೆ ಬಾಗ್ಬೇಕು, ಪುಡಿ ಆಗ್ಬಾರ್ದು. ಪುಡಿ ಆದ್ರೆ ಎಣ್ಣೆ ಸೇರಿಸಿ, ಕೈಗೆ ಮೆತ್ಕೊಂಡ್ರೆ ರಾಳ ಸೇರಿಸಿ. ಮನೆ ಒಳಗೆ ಮಾಡ್ಬೇಡಿ, ಬಯಲಲ್ಲಿ, ಮರಳು ತುಂಬಿದ ಬಾಣಲೆ ಒಳಗೆ ಪಾತ್ರೆ ಇಟ್ಟು, ಪಕ್ಕದಲ್ಲೇ ಒಂದು ಮುಚ್ಚಳ ಇಟ್ಕೊಂಡು ಮಾಡಿ, ಬೆಂಕಿ ಹತ್ಕೊಂಡ್ರೆ ಮುಚ್ಚಳ ಮುಚ್ಚೋದು, ನೀರು ಮಾತ್ರ ಹಾಕ್ಬಾರ್ದು. ಇನ್ನೊಂದು, ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ತಾನೇ ಕಾದು ಹೊತ್ಕೊಂಡು ಉರಿಯುತ್ತೆ. ಹರಡಿ ಒಣಗಿಸಿ ಇಲ್ಲ ನೀರಲ್ಲಿ ಮುಳುಗಿಸಿ. ಕೊಟ್ಟಿಗೆಲಿ ಹುಲ್ಲು ಬೇರೆ ಇರುತ್ತೆ.

ಸಿಮೆಂಟ್ ಯಾಕೆ ಕೆಟ್ಟದ್ದು ಅಂತ ಹೇಳ್ಬೇಕು, ಯಾಕಂದ್ರೆ ನೀವೂ ಈಗ ಅದೇ ತಪ್ಪು ಮಾಡೋ ಸಾಧ್ಯತೆ ಇದೆ. ಮರದ ತುದೀಲಿ ತೇವ ಆಚೆ ಹೋಗೋದು ಪಕ್ಕದ ಮೈಗಿಂತ ತುಂಬ ಬೇಗ, ಅದಕ್ಕೇ ಬಿಸಿಲಿಗೆ ಬಿದ್ದ ದೋಣಿ ಮೂತಿ ಹತ್ರಾನೇ ಸೀಳು ಬಿಡೋದು. ಆ ಸೀಳು ಒಣ ಕಾಲದ್ದು, ದೋಣಿ ನೀರಿಗೆ ಹೋದ್ರೆ ಮರ ಉಬ್ಬಿ ಅರ್ಧಕ್ಕರ್ಧ ತಾನೇ ಮುಚ್ಕೊಳುತ್ತೆ. ಮಧ್ಯದಲ್ಲಿ ಸಿಮೆಂಟೋ, ಎಂ-ಸೀಲೋ, ಗಟ್ಟಿ ಆಗೋದು ಏನು ತುಂಬಿದ್ರೂ ಉಬ್ಬೋ ಮರಕ್ಕೆ ಅದೇ ಬೆಣೆ ಆಗಿ ಸೀಳು ಇನ್ನೂ ಮುಂದಕ್ಕೆ ಓಡುತ್ತೆ. ನಿಮ್ಮ ದೋಣಿ ಹತ್ತು ವರ್ಷ ಒಣಗಿದೆ, ಈಗ ಕಾಣೋ ಸಂದಿಗಳೆಲ್ಲ ಅತೀ ಅಗಲವಾಗಿರೋ ಸಮಯ ಇದು, ಕಂಡ ಕಂಡ ಸಂದಿಗೆ ತುಂಬಕ್ಕೆ ಕೂರ್ಬೇಡಿ. ಸಿಮೆಂಟನ್ನ ಸಣ್ಣ ಉಳಿಲಿ ಚೂರು ಚೂರೇ ಒಡೆದು ತೆಗೆದು, ಸೀಳು ನಿಂತಿರೋ ಕೊನೇಲಿ ಸಣ್ಣದೊಂದು ತೂತು ಕೊರೀರಿ, ಅಲ್ಲಿಂದ ಮುಂದಕ್ಕೆ ಹೋಗಲ್ಲ. ಸೀಳಿನ ಎರಡೂ ಪಕ್ಕ ತೂತು ಹಾಕಿ ಹಲಗೆಗೆ ಹೊಲಿದ ಹಂಗೇ ಅಡ್ಡ ಹೊಲಿದು, ಒಳಗೆ ನಾರು ಮತ್ತೆ ಮೆತ್ತನೆ ಪಾಕ ಮಾತ್ರ ತುಂಬಿ. ನಾರು ಜೋರಾಗಿ ಜಡೀಬೇಡಿ, ಅದೂ ಬೆಣೆನೇ ಆಗುತ್ತೆ.

ಫೈಬರ್ ಬೇಡ ಅಂದಿದ್ದಕ್ಕೂ ಇದೇ ಕಾರಣ. ಎರಡು ಅಡಿ ಅಗಲದ ಮರದ ತಳ ಒಣಗಿರೋದಕ್ಕೂ ನೀರು ಕುಡಿದಿರೋದಕ್ಕೂ ಅಗಲದಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತೆ, ಉದ್ದದಲ್ಲಿ ಏನೇನೂ ಇಲ್ಲ. ಫೈಬರ್ ಎಲ್ಲಾ ದಿಕ್ಕಿಗೂ ಒಂದೇ ಸಮ, ಅಲ್ಲಾಡಲ್ಲ. ಇಲ್ಲಿ ಸಾಮಾನ್ಯವಾಗಿ ಹಾಕೋದು ಪಾಲಿಯೆಸ್ಟರ್ ರೆಸಿನ್, ಅದು ಮರಕ್ಕೆ ಸರಿಯಾಗಿ ಕಚ್ಕೊಳಲ್ಲ, ಎರಡು ಮೂರು ಮಳೆಗಾಲಕ್ಕೆ ಅಂಚು ಏಳುತ್ತೆ, ಸಂದೀಲಿ ನೀರು ಸೇರುತ್ತೆ, ಹೊರಗಿಂದ ಪಳಪಳ ಅಂತಿರುತ್ತೆ ಒಳಗೆ ಮರ ಗೊಬ್ಬರ ಆಗಿರುತ್ತೆ. ಎಪಾಕ್ಸಿ ಚೆನ್ನಾಗಿ ಹಿಡಿಯುತ್ತೆ, ತೆಳು ಪ್ಲೈವುಡ್ ದೋಣಿಗೆ ನಾನೇ ಹಾಕ್ತೀನಿ, ಆದ್ರೆ ಒಂದೇ ಮರ ಕೊರೆದ ದಪ್ಪ ತಳಕ್ಕೆ ಅದೂ ಬೇಡ. ಒಂದು ಕಡೆ ಇಡೀ ದೋಣಿಗೆ ಹೀಗೆ ಹೊಡೆಸಿದ್ದನ್ನ ನನ್ನ ಹತ್ರ ತಂದಿದ್ರು, ಫೈಬರ್ ಸುಲಿದ್ರೆ ಅಂಗೈಲಿ ಮರ ಪುಡಿ ಪುಡಿ. ಅದಕ್ಕೆ ನಾನು ಮಾಡಕ್ಕೆ ಏನೂ ಉಳಿದಿರಲಿಲ್ಲ, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ನಿಮ್ಮ ಹಿಂದಿನ ತುದಿಯ ಫೈಬರನ್ನ ಹೀಟ್ ಗನ್‌ನಿಂದ ಬಿಸಿ ಮಾಡ್ತಾ ಅಗಲ ಉಳಿಲಿ ಎಬ್ಬಿಸಿ, ಅದರ ಕೆಳಗೆ ಏನಿದೆ ಅನ್ನೋದೇ ನನಗಿರೋ ದೊಡ್ಡ ಆತಂಕ.

ಎಲ್ಲಾ ಕೆರೆದು ಆದ ಮೇಲೆ, ಎಣ್ಣೆ ಕೊಡೋ ಮುಂಚೆ, ಗೆದ್ದಲು ಕುಟ್ಟೆ ಹುಳ ಕುಂಬು ಮೂರಕ್ಕೂ ಒಂದು ಔಷಧಿ ಮಾಡಿ. ಒಂದು ಲೀಟರ್ ಬಿಸಿ ನೀರಿಗೆ ಬಿಳಿಗಾರ 60 ಗ್ರಾಂ, ಬೋರಿಕ್ ಆಸಿಡ್ 40 ಗ್ರಾಂ. ಒದ್ದೆ ಇರೋವಾಗ್ಲೇ ಮೂರು ನಾಲ್ಕು ಸಲ ಹಚ್ಚಿ, ಗೋಣಿತಾಟು ಹೊದಿಸಿ ಒಂದೆರಡು ದಿನ ಬಿಡಿ, ತೇವ ಇದ್ರೇನೇ ಅದು ಒಳಕ್ಕೆ ಇಳಿಯೋದು. ನೀರಲ್ಲಿ ತೊಳೆದು ಹೋಗೋ ಔಷಧಿ ಆದ್ದರಿಂದ ಮೇಲೆ ಎಣ್ಣೆ ಪದರ ಬೇಕೇ ಬೇಕು. ನೆರಳಲ್ಲಿ ನಾಲ್ಕು ಕಡೆ ಆಧಾರ ಕೊಟ್ಟು ನಿಧಾನಕ್ಕೆ ಒಣಗಿಸಿ, ಎರಡೂ ತುದಿಗೆ ಮೇಣ ಮೆತ್ತಿ. ಆಮೇಲೆ ಎಣ್ಣೆ. ಕರಾವಳೀಲಿ ಮೀನೆಣ್ಣೆ, ಗೇರು ಸಿಪ್ಪೆ ಎಣ್ಣೆ ಬಳೀತಾರೆ, ಗೇರೆಣ್ಣೆ ಒಳ್ಳೇದು ಆದ್ರೆ ಚರ್ಮಕ್ಕೆ ತಾಗಿದ್ರೆ ಬೊಬ್ಬೆ ಬರುತ್ತೆ, ಅಭ್ಯಾಸ ಇಲ್ದಿರೋರು ಮುಟ್ಬೇಡಿ. ಅಗಸೆ ಎಣ್ಣೇನ ಬೆಚ್ಚಗೆ ಮಾಡಿ, ಕುಡಿಯೋಷ್ಟು ದಿನ ಕುಡಿಸಿ, ಸಾಕು. ಸಮುದ್ರದಲ್ಲಿ ಮರ ಕೊರೆಯೋ ಹುಳದ ಕಾಟ, ಅದಕ್ಕೆ ಅಲ್ಲಿ ಅಷ್ಟೊಂದು ಬಳೀತಾರೆ, ನಮ್ಮ ಸಿಹಿ ನೀರಲ್ಲಿ ಆ ಹುಳ ಇಲ್ಲ. ಇಲ್ಲಿ ಶತ್ರು ಮಳೆ ನೀರು, ದೋಣಿ ಒಳಗೆ ನಿಂತ್ಕೊಂಡಿರೋ ಮಳೆ ನೀರು. ಬಳಸದೇ ಇರೋವಾಗ ಕವುಚಿ, ನೆಲದಿಂದ ಎತ್ತರಕ್ಕೆ, ಗಾಳಿ ಆಡೋ ಹಂಗೆ ಇಡಿ, ಪ್ಲಾಸ್ಟಿಕ್ ಸುತ್ಬೇಡಿ.

ನೀರಿಗೆ ಇಳಿಸೋ ದಿನ ಸೋರುತ್ತೆ, ಗಾಬರಿ ಆಗ್ಬೇಡಿ. ದಡದಲ್ಲಿ ಮೊಣಕಾಲುದ್ದ ನೀರಲ್ಲಿ ಕಟ್ಟಿ, ಒಳಗೂ ನೀರು ತುಂಬಿ ಮೂರು ನಾಲ್ಕು ದಿನ ಮುಳುಗಿಸಿಡಿ, ಆಮೇಲೆ ನೀರು ಚೆಲ್ಲಿ ನೋಡಿ, ಅಷ್ಟಾದ ಮೇಲೂ ಸೋರೋ ಜಾಗ ಗುರುತು ಮಾಡ್ಕೊಂಡು ಅಲ್ಲಷ್ಟೇ ಪಾಕ ಹಾಕಿ. ಕಬಿನಿ ಹಿನ್ನೀರು ಎರಡೂ ಕಡೆ ಹುಲಿ ಕಾಡಿಗೆ ತಾಗಿರೋದು, ಮೊಸಳೆ ಇದ್ದಾವೆ, ಆನೆ ಈಜ್ತವೆ, ಅರಣ್ಯ ಇಲಾಖೆ, ನೀರಾವರಿಯೋರ ಅನುಮತಿ ಇಲ್ದೆ ಇಳಿಸ್ಬೇಡಿ, ಲೈಫ್ ಜಾಕೆಟ್ ಇಲ್ದೆ ಮನೇವ್ರನ್ನ ಕೂರಿಸ್ಬೇಡಿ.

ಈ ವಾರ ಒಂದೇ ಕೆಲಸ ಮಾಡಿ. ಹಿಂದಿನ ತುದೀಲಿ ಫೈಬರನ್ನ ಒಂದು ಅಡಿ ಅಷ್ಟೇ ಎಬ್ಬಿಸಿ, ಅಲ್ಲಿ ಮರಕ್ಕೆ ದಬ್ಬಳ ಚುಚ್ಚಿ ಎಷ್ಟು ಆಳಕ್ಕೆ ಇಳಿಯುತ್ತೆ ನೋಡಿ ಬರೀರಿ. ಕಾಲು ಇಂಚು ಅಂದ್ರೆ ಮೇಲೆ ಹೇಳಿದ್ದೇ ಸಾಕು, ಅದಕ್ಕಿಂತ ಜಾಸ್ತಿ ಇಳಿದ್ರೆ ಆ ತುದಿನೇ ಕುಯ್ದು ಹೊಸ ಮರ ಜೋಡಿಸ್ಬೇಕಾಗುತ್ತೆ, ಆಗ ಅಳತೆ ತಗೊಂಡು ಒಂದ್ಸಲ ಮೈಸೂರಿಗೆ ಬನ್ನಿ, ಕೂತು ಮಾತಾಡಣ.